ವೇಟ್ಸ್‌ಗೆ ಲೈಸೆನ್ಸ್: ನಿಮ್ಮ ಲೇಖನವನ್ನು ಏಕೆ ಹಿಂದಿರುಗಿಸುತ್ತಿದ್ದೇವೆ

ಪ್ರಿಯ ಲೇಖಕರೇ,

ನ್ಯೂರಲ್ ನೆಟ್‌ವರ್ಕ್ ಮಾಡೆಲ್‌ಗಳ ಲೈಸೆನ್ಸ್ ಕುರಿತು ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ತಿದ್ದಿ ಕಳಿಸಿದರೆ ಸಂತೋಷದಿಂದ ಪ್ರಕಟಿಸುತ್ತೇವೆ. ಭಾಷೆ ಸರಾಗವಾಗಿದೆ, ವಿಷಯ ಮುಖ್ಯವಾದದ್ದು. ಕೊರತೆ ಇರುವುದು ವಾದದಲ್ಲಿ.

ನೀವು ಹೇಳುತ್ತಿರುವುದು ಮುಖ್ಯವಾಗಿ ಮೂರು ಮಾತು. ವೇಟ್ಸ್ (ತರಬೇತಿಯಿಂದ ಮಾಡೆಲ್‌ನಲ್ಲಿ ಉಳಿಯುವ ಸಂಖ್ಯೆಗಳು) ಎಂದರೆ ಮಾಡೆಲ್‌ನ ಸೋರ್ಸ್ ಕೋಡ್, ಆದ್ದರಿಂದ ತಂತ್ರಾಂಶಕ್ಕಿರುವ ಕೃತಿಸ್ವಾಮ್ಯ ಅದಕ್ಕೂ ತಾನಾಗಿ ಸಿಗುತ್ತದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಮಾಡೆಲ್ ಓಪನ್ ಸೋರ್ಸ್. ಅದನ್ನು ಫೈನ್‌ಟ್ಯೂನ್ ಮಾಡಿದವರು, ಅಂದರೆ ತಮ್ಮ ಡೇಟಾದಿಂದ ಇನ್ನಷ್ಟು ತರಬೇತಿ ಕೊಟ್ಟವರು, ಫಲಿತಾಂಶಕ್ಕೆ ತಮಗೆ ಬೇಕಾದ ಲೈಸೆನ್ಸ್ ಹಾಕಿಕೊಳ್ಳಬಹುದು. ಎರಡನೆಯದೂ ಮೂರನೆಯದೂ ತಪ್ಪು. ಮೊದಲನೆಯದು ನೀವು ಬರೆದಷ್ಟು ಖಚಿತವಾಗಿ ಹೇಳಲು ಬಾರದ ಮಾತು. ಮೂರನೆಯದನ್ನು ನಂಬಿ ಓದುಗರೊಬ್ಬರು ಮಾಡೆಲ್ ಬಿಡುಗಡೆ ಮಾಡಿದರೆ ಅದರ ಪರಿಣಾಮ ಅನುಭವಿಸುವವರು ಅವರು. ಅದಕ್ಕಾಗಿಯೇ ಈ ಉತ್ತರ ಸ್ವಲ್ಪ ಉದ್ದವಾಗಿದೆ.

ಮೊದಲು ಕೃತಿಸ್ವಾಮ್ಯದ ಮಾತು. ಸೋರ್ಸ್ ಕೋಡನ್ನು ಮನುಷ್ಯರು ಬರೆಯುತ್ತಾರೆ. ವೇಟ್ಸನ್ನು ಹಾಗೆ ಯಾರೂ ಬರೆಯುವುದಿಲ್ಲ. ಮನಬಂದಂತೆ ಆರಿಸಿದ ಸಂಖ್ಯೆಗಳಿಂದ ತರಬೇತಿ ಶುರುವಾಗುತ್ತದೆ. ಪ್ರತಿ ಹೆಜ್ಜೆಯಲ್ಲೂ ಮಾಡೆಲ್‌ನ ಊಹೆ ಎಷ್ಟು ತಪ್ಪಿತೆಂದು ಲೆಕ್ಕ ಹಾಕಿ, ತಪ್ಪು ಕಡಿಮೆಯಾಗುವತ್ತ, ಗ್ರೇಡಿಯೆಂಟ್ ಎಂಬ ಲೆಕ್ಕ ತೋರಿಸಿದ ದಿಕ್ಕಿಗೆ ಪ್ರತಿ ಸಂಖ್ಯೆಯನ್ನೂ ಚೂರು ಚೂರೇ ಸರಿಸಲಾಗುತ್ತದೆ. ಕೊನೆಗೆ ಉಳಿಯುವ ಸಂಖ್ಯೆಗಳೇ ವೇಟ್ಸ್. ಕೃತಿಸ್ವಾಮ್ಯ ಕಾಯುವುದು ಮನುಷ್ಯರ ಸೃಜನಶೀಲ ಅಭಿವ್ಯಕ್ತಿಯನ್ನು, ಪಟ್ಟ ಶ್ರಮವನ್ನಲ್ಲ, ಸುರಿದ ಹಣವನ್ನಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲಿ ಫೀಸ್ಟ್ ಪ್ರಕರಣದಲ್ಲಿ ಇದನ್ನೇ ಹೇಳಿತು: ಟೆಲಿಫೋನ್ ಡೈರೆಕ್ಟರಿಯ ಹೆಸರು, ನಂಬರುಗಳನ್ನು ಎಷ್ಟೇ ಕಷ್ಟಪಟ್ಟು ಕೂಡಿಸಿದ್ದರೂ ಅಕ್ಷರಕ್ರಮದ ಆ ಪಟ್ಟಿಗೆ ಕೃತಿಸ್ವಾಮ್ಯವಿಲ್ಲ. ಭಾರತದ ಸುಪ್ರೀಂ ಕೋರ್ಟ್ ಕೂಡ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಬರೀ ಶ್ರಮ ಸಾಲದು, ಕನಿಷ್ಠ ಮಟ್ಟದ ಸೃಜನಶೀಲತೆ ಬೇಕು ಎಂದಿದೆ. ನಿಮ್ಮ ಲೇಖನದಲ್ಲಿ "ಕೋಟಿಗಟ್ಟಲೆ ಖರ್ಚು ಮಾಡಿದವರಿಗೆ ಹಕ್ಕು ಇರಲೇಬೇಕಲ್ಲ" ಎಂಬ ವಾಕ್ಯವಿದೆ. ಈ ತೀರ್ಪುಗಳು ತಳ್ಳಿಹಾಕಿದ್ದು ಇದೇ ವಾದವನ್ನು.

ಎದುರು ವಾದವೂ ಇದೆ; ಅದಕ್ಕೂ ನೀವು ಜಾಗ ಕೊಡಬೇಕು. ಯಾವ ಡೇಟಾ ಆರಿಸಬೇಕು, ಯಾವ ಪ್ರಮಾಣದಲ್ಲಿ ಬೆರೆಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೆಲ್ಲ ಮನುಷ್ಯರ ಆಯ್ಕೆ, ಆ ಆಯ್ಕೆಯ ಗುರುತು ವೇಟ್ಸ್‌ನಲ್ಲಿದೆ ಎನ್ನುವವರಿದ್ದಾರೆ. ಬ್ರಿಟನ್ನಿನ 1988ರ ಕಾಯ್ದೆಯ 9(3)ನೇ ಸೆಕ್ಷನ್ ಕಂಪ್ಯೂಟರ್ ಸೃಷ್ಟಿಸಿದ ಕೃತಿಗೆ, ಅದು ಹುಟ್ಟಲು ಬೇಕಾದ ಏರ್ಪಾಡು ಮಾಡಿದವರನ್ನೇ ಕರ್ತೃ ಎನ್ನುತ್ತದೆ. ಭಾರತದ ಕಾಯ್ದೆಯಲ್ಲೂ ಅಂಥದೇ ವ್ಯಾಖ್ಯೆ ಇದೆ. ಯುರೋಪಿನಲ್ಲಿ 1996ರ ಡೇಟಾಬೇಸ್ ನಿರ್ದೇಶನ ಸೃಜನಶೀಲತೆಯನ್ನು ಕೇಳದೆ ಹೂಡಿಕೆಗೇ 15 ವರ್ಷದ ಹಕ್ಕು ಕೊಡುತ್ತದೆ. ಆದರೆ ಬಿಡಿಬಿಡಿಯಾಗಿ ತೆಗೆದು ನೋಡಬಲ್ಲ ಸ್ವತಂತ್ರ ಅಂಶಗಳ ಸಂಗ್ರಹವೇ ಡೇಟಾಬೇಸ್. ಪಕ್ಕದ ಸಂಖ್ಯೆಗಳಿಲ್ಲದೆ ಅರ್ಥವೇ ಇಲ್ಲದ ವೇಟ್ಸ್ ಈ ವ್ಯಾಖ್ಯೆಗೆ ಹೊಂದುವುದು ಕಷ್ಟ. ಒಟ್ಟಿನಲ್ಲಿ ಇದು ಇತ್ಯರ್ಥವಾಗದ ಪ್ರಶ್ನೆ. "ಕಾನೂನಿನ ಪ್ರಕಾರ" ಎಂದು ಆರು ಕಡೆ ಬರೆದಿದ್ದೀರಿ, ಯಾವ ದೇಶದ ಕಾನೂನು ಎಂದು ಒಂದು ಕಡೆಯೂ ಇಲ್ಲ. ಆ ಆರೂ ಕಡೆ ದೇಶದ ಹೆಸರು ಹಾಕಿ ಓದಿ ನೋಡಿ. ಎಷ್ಟು ವಾಕ್ಯ ನಿಲ್ಲುತ್ತವೆ ಎಂದು ನಿಮಗೇ ತಿಳಿಯುತ್ತದೆ.

ಇಷ್ಟೆಲ್ಲ ಏಕೆ ಮುಖ್ಯ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಿ. ಲೇಖನದ ಜೀವಾಳ ಅಲ್ಲಿದೆ. ಲೈಸೆನ್ಸ್ ಎಂದರೆ ಅನುಮತಿ. ತಡೆಯುವ ಹಕ್ಕು ಯಾರಿಗೂ ಇಲ್ಲದ ಕಡೆ ಅನುಮತಿಯ ಅಗತ್ಯವೇ ಬರುವುದಿಲ್ಲ. ಅಮೆರಿಕದಲ್ಲಿ 2008ರ ಜೇಕಬ್‌ಸನ್ ವಿರುದ್ಧ ಕ್ಯಾಟ್ಜರ್ ತೀರ್ಪು, ಓಪನ್ ಸೋರ್ಸ್ ಲೈಸೆನ್ಸಿನ ಷರತ್ತು ಮುರಿದರೆ ಕೃತಿಸ್ವಾಮ್ಯ ಉಲ್ಲಂಘನೆಯ ದಾವೆ ಹೂಡಬಹುದು ಎಂದಿತು. ಆ ಬಲ ಬಂದದ್ದು ಕೋಡ್‌ಗೆ ಕೃತಿಸ್ವಾಮ್ಯ ಇದ್ದುದರಿಂದ. ವೇಟ್ಸ್‌ಗೆ ಅದು ಇಲ್ಲವೆಂದಾದರೆ ಉಳಿಯುವುದು ಕರಾರು ಮಾತ್ರ. ಕೃತಿಸ್ವಾಮ್ಯ ಎಲ್ಲರನ್ನೂ ಕಟ್ಟಿಹಾಕುತ್ತದೆ; ಕರಾರು ಒಪ್ಪಿಕೊಂಡವರನ್ನಷ್ಟೇ. "ಒಪ್ಪಿದ್ದೇನೆ" ಗುಂಡಿ ಒತ್ತಿ ಇಳಿಸಿಕೊಂಡವರಿಗೆ ಷರತ್ತು ಅನ್ವಯಿಸುತ್ತದೆ. ಅವರಿಂದ ಪ್ರತಿ ಪಡೆದ ಮೂರನೆಯವರು ಯಾವುದಕ್ಕೂ ಸಹಿ ಹಾಕಿರುವುದಿಲ್ಲ. 2023ರ ಮಾರ್ಚ್‌ನಲ್ಲಿ ಮೆಟಾದ ಭಾಷಾ ಮಾಡೆಲ್ ಲಾಮಾದ ಮೊದಲ ಆವೃತ್ತಿಯ ವೇಟ್ಸ್ ಟೊರೆಂಟ್ ಮೂಲಕ ಸೋರಿದಾಗ ಮೆಟಾ ತೆಗೆಸುವ ನೋಟಿಸ್ ಕಳಿಸಿದ್ದು ಕೃತಿಸ್ವಾಮ್ಯದ ಕಾಯ್ದೆಯಡಿ, ಆದರೆ ಅಡಿಪಾಯವಾದ ಹಕ್ಕು ಇದೆಯೇ ಎಂಬ ಪ್ರಶ್ನೆ ಅಲ್ಲಿ ತೀರ್ಮಾನವಾಗಲಿಲ್ಲ. ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಲೈಸೆನ್ಸಿನ ಬಗೆಯದನ್ನು ವೇಟ್ಸ್‌ಗೆ ಅಂಟಿಸುವವರು ಈ ಜಾಗದಲ್ಲೇ ಎಡವುತ್ತಾರೆ. ಹಂಚುವಾಗಲೂ ಇದೇ ಷರತ್ತು ಇರಲಿ ಎಂಬ ಸರಪಳಿಯ ಕೊಂಡಿ ಕೃತಿಸ್ವಾಮ್ಯವೇ ಆಗಿರುತ್ತದೆ.

ನಾಲ್ಕನೇ ಪುಟದಲ್ಲಿ ಇನ್ನೊಂದು ಪ್ರಶ್ನೆಯನ್ನು ಇದರೊಳಗೆ ಸೇರಿಸಿಬಿಟ್ಟಿದ್ದೀರಿ. ವೇಟ್ಸ್‌ಗೆ ಕೃತಿಸ್ವಾಮ್ಯ ಇದೆಯೇ ಎಂಬುದು ಒಂದು. ವೇಟ್ಸ್‌ನೊಳಗೆ ಬೇರೆಯವರ ಕೃತಿಯ ಪ್ರತಿ ಅಡಗಿದೆಯೇ ಎಂಬುದು ಇನ್ನೊಂದು. 2025ರ ನವೆಂಬರ್ 4ರಂದು ಫೋಟೊ ಸಂಸ್ಥೆ ಗೆಟ್ಟಿ ಇಮೇಜಸ್ ಮತ್ತು ಚಿತ್ರ ರಚಿಸುವ ಮಾಡೆಲ್ ತಯಾರಿಸಿದ ಸ್ಟೆಬಿಲಿಟಿ ಎಐ ನಡುವಿನ ಪ್ರಕರಣದಲ್ಲಿ ಇಂಗ್ಲೆಂಡಿನ ಹೈಕೋರ್ಟ್, ಚಿತ್ರಗಳನ್ನು ಸಂಗ್ರಹಿಸಿಟ್ಟುಕೊಳ್ಳದ ಮಾಡೆಲ್ "ಉಲ್ಲಂಘನೆಯ ಪ್ರತಿ" ಅಲ್ಲ ಎಂದಿತು. ಒಂದೇ ವಾರದಲ್ಲಿ, ನವೆಂಬರ್ 11ರಂದು, ಮ್ಯೂನಿಕ್‌ನ ನ್ಯಾಯಾಲಯ ಜರ್ಮನಿಯ ಸಂಗೀತ ಹಕ್ಕುಗಳ ಸಂಸ್ಥೆ ಗೆಮಾ ಮತ್ತು ಓಪನ್‌ಎಐ ನಡುವಿನ ಪ್ರಕರಣದಲ್ಲಿ, ಹಾಡಿನ ಸಾಹಿತ್ಯವನ್ನು ಮಾಡೆಲ್ ಕಂಠಪಾಠ ಮಾಡಿದ್ದರೆ ಪ್ಯಾರಾಮೀಟರ್‌ಗಳಲ್ಲಿ (ಅಂದರೆ ವೇಟ್ಸ್‌ನಲ್ಲಿ) ಅದು ಇರುವುದೇ ಪ್ರತಿ ಮಾಡಿದಂತೆ ಎಂದಿತು. ಇವೆರಡನ್ನೂ ಪಕ್ಕಪಕ್ಕ ಇಡಿ. ಮೊದಲನೆಯದರಲ್ಲಿ ತರಬೇತಿ ಬ್ರಿಟನ್ನಿನ ಹೊರಗೆ ನಡೆದಿತ್ತು, ತರಬೇತಿಯ ಬಗೆಗಿನ ಆರೋಪವನ್ನು ಗೆಟ್ಟಿ ನಡುವೆಯೇ ಕೈಬಿಟ್ಟಿತ್ತು. ಎರಡನೆಯದರಲ್ಲಿ ಸಣ್ಣ ಪ್ರಾಂಪ್ಟ್ ಕೊಟ್ಟರೆ ಸಾಹಿತ್ಯ ಹೆಚ್ಚುಕಡಿಮೆ ಹಾಗೇ ಹೊರಬರುತ್ತಿತ್ತು. ಹಾಗಾಗಿ ಇವು ಒಂದೇ ಪ್ರಶ್ನೆಗೆ ಕೊಟ್ಟ ಎರಡು ಉತ್ತರಗಳಲ್ಲ. ಯಾವುದನ್ನೂ ಕೊನೆಯ ಮಾತೆಂದು ಬರೆಯಬೇಡಿ. ತರಬೇತಿಗೆ ಪುಸ್ತಕ ಬಳಸುವುದು ನ್ಯಾಯಯುತ ಬಳಕೆಯೇ ಎಂಬ ಅಧ್ಯಾಯವನ್ನು ಪೂರ್ತಿ ತೆಗೆಯಿರಿ. ಅದು ಬೇರೆಯೇ ಲೇಖನಕ್ಕಾಗುವಷ್ಟು ದೊಡ್ಡದು.

ಓಪನ್ ಸೋರ್ಸ್ ಎಂಬ ಹಣೆಪಟ್ಟಿಯ ಬಗ್ಗೆ. ಲಾಮಾ 2, ಬ್ಲೂಮ್, ಮಿಸ್ಟ್ರಾಲ್ 7ಬಿ ಎಂಬ ಮೂರು ಮಾಡೆಲ್‌ಗಳನ್ನೂ ಒಂದೇ ಸಾಲಿನಲ್ಲಿ ಇಟ್ಟಿದ್ದೀರಿ. ಲಾಮಾ 2ರ ಲೈಸೆನ್ಸ್ ಪ್ರಕಾರ, ಅದು ಬಿಡುಗಡೆಯಾದಾಗ ತಿಂಗಳಿಗೆ 70 ಕೋಟಿಗಿಂತ ಹೆಚ್ಚು ಸಕ್ರಿಯ ಬಳಕೆದಾರರಿದ್ದ ಸಂಸ್ಥೆ ಪ್ರತ್ಯೇಕ ಅನುಮತಿ ಕೇಳಬೇಕು. ಬ್ಲೂಮ್‌ನ ರೇಲ್ ಲೈಸೆನ್ಸ್ ಕೆಲವು ಉಪಯೋಗಗಳನ್ನೇ ನಿಷೇಧಿಸುತ್ತದೆ. ಯಾರಿಗೂ, ಯಾವ ಉದ್ದೇಶಕ್ಕೂ ತಾರತಮ್ಯ ಮಾಡಬಾರದು ಎನ್ನುವ ಓಪನ್ ಸೋರ್ಸ್ ವ್ಯಾಖ್ಯೆಯ 5 ಮತ್ತು 6ನೇ ಅಂಶಗಳಿಗೆ ಈ ಎರಡೂ ಒಗ್ಗುವುದಿಲ್ಲ. ಮಿಸ್ಟ್ರಾಲ್ 7ಬಿ ಅಪಾಚೆ 2.0 ಅಡಿಯಲ್ಲಿ ಬಂದಿದೆ, ಲೈಸೆನ್ಸ್ ನಿಜವಾಗಿಯೂ ಮುಕ್ತ. ಆದರೆ ಅದರ ತರಬೇತಿ ಡೇಟಾದ ವಿವರ ಹೊರಬಂದಿಲ್ಲ. ಓಪನ್ ಸೋರ್ಸ್ ವ್ಯಾಖ್ಯೆಯನ್ನು ನೋಡಿಕೊಳ್ಳುವ ಸಂಸ್ಥೆ ಓಪನ್ ಸೋರ್ಸ್ ಇನಿಶಿಯೇಟಿವ್ 2024ರ ಅಕ್ಟೋಬರ್ 28ರಂದು ಪ್ರಕಟಿಸಿದ ಎಐ ವ್ಯಾಖ್ಯೆ ವೇಟ್ಸ್, ತರಬೇತಿಯ ಕೋಡ್, ಡೇಟಾದ ವಿವರವಾದ ಮಾಹಿತಿ ಮೂರನ್ನೂ ಕೇಳುತ್ತದೆ. ಡೇಟಾದ ಮಾಹಿತಿ ಸಾಲದು, ಡೇಟಾವೇ ಬೇಕು ಎಂದು ಆ ವ್ಯಾಖ್ಯೆಯನ್ನು ಟೀಕಿಸಿದವರೂ ಇದ್ದಾರೆ. ನಮ್ಮ ಅಭಿಪ್ರಾಯ ಕೇಳಿದರೆ ಅವರ ಮಾತಿನಲ್ಲಿ ಹುರುಳಿದೆ. ಬದಲಾವಣೆ ಮಾಡಲು ಅನುಕೂಲವಾದ ರೂಪವೇ ಸೋರ್ಸ್ ಎಂದು ಜಿಪಿಎಲ್ ಹೇಳುತ್ತದೆ. ಫೈನ್‌ಟ್ಯೂನ್ ಮಾಡುವವರಿಗೆ ಆ ರೂಪ ವೇಟ್ಸ್. ಮಾಡೆಲ್ ಕಲಿತ ತಪ್ಪೊಂದರ ಬೇರು ಹುಡುಕುವವರಿಗೆ ಡೇಟಾ. ಅಲೆನ್ ಸಂಸ್ಥೆಯ ಓಲ್ಮೊ ಮಾಡೆಲ್ ತನ್ನ ವೇಟ್ಸ್, ಕೋಡ್, ಡೇಟಾ ಎಲ್ಲವನ್ನೂ ಕೊಟ್ಟಿದೆ, ಅದನ್ನು ಉದಾಹರಣೆಯಾಗಿ ಸೇರಿಸಿ. ಉಳಿದವಕ್ಕೆ "ಓಪನ್ ವೇಟ್ಸ್" ಎಂದೇ ಬರೆಯಿರಿ.

ಇನ್ನು ನಿಮ್ಮ ಫೈನ್‌ಟ್ಯೂನ್ ಉದಾಹರಣೆ. ಲಾಮಾ 3 8ಬಿ ತೆಗೆದುಕೊಂಡು, ಲೋರಾ ವಿಧಾನದಲ್ಲಿ (ಮೂಲ ವೇಟ್ಸ್ ಮುಟ್ಟದೆ ಪಕ್ಕದಲ್ಲಿ ಅಡಾಪ್ಟರ್ ಎಂಬ ಸಣ್ಣ ಸಂಖ್ಯಾಗುಚ್ಛ ಸೇರಿಸಿ) ತರಬೇತಿ ಕೊಟ್ಟು, ಹೆಚ್ಚು ಷರತ್ತಿಲ್ಲದ ಎಂಐಟಿ ಲೈಸೆನ್ಸ್ ಹಾಕಿ ಹೊಸ ಹೆಸರಿನಲ್ಲಿ ಏರಿಸಬಹುದು ಎಂದಿದ್ದೀರಿ. ಸಂಖ್ಯೆಗಳನ್ನೇ ನೋಡಿ. ಆ ಮಾಡೆಲ್‌ನ ಒಂದು ಪದರದ ಕ್ವೆರಿ ಮ್ಯಾಟ್ರಿಕ್ಸ್ ಎಂಬ ಸಂಖ್ಯಾಕೋಷ್ಟಕ 4096 ಅಡ್ಡ, 4096 ಉದ್ದ, ಅಂದರೆ 1,67,77,216 ಸಂಖ್ಯೆಗಳು. ರ್‍ಯಾಂಕ್ 16ರ (ಅಡಾಪ್ಟರ್‌ನ ಗಾತ್ರದ ಅಳತೆ) ಲೋರಾ ಅದರ ಪಕ್ಕ ಸೇರಿಸುವುದು 1,31,072 ಸಂಖ್ಯೆಗಳನ್ನು, 128ರಲ್ಲಿ ಒಂದು ಪಾಲು. ಅಡಾಪ್ಟರನ್ನು ಮೂಲದೊಳಗೆ ಬೆರೆಸಿ ಏರಿಸಿದರೆ ನೀವು ಹಂಚುತ್ತಿರುವುದು ಬಹುಮಟ್ಟಿಗೆ ಮೆಟಾದ ವೇಟ್ಸನ್ನೇ. ನೀವು ಒಪ್ಪಿಕೊಂಡ ಷರತ್ತುಗಳು ಹಾಗೇ ಮುಂದುವರಿಯುತ್ತವೆ: ಲೈಸೆನ್ಸ್ ಪ್ರತಿ ಜೊತೆಗಿರಬೇಕು, ನೋಟಿಸ್ ಕಡತದಲ್ಲಿ ಅವರು ಹೇಳಿದ ಸಾಲು ಇರಬೇಕು, ಮಾಡೆಲ್‌ನ ಹೆಸರು "ಲಾಮಾ 3" ಎಂದೇ ಶುರುವಾಗಬೇಕು, ಮೆಟಾ ಲಾಮಾ 3ರಿಂದ ಕಟ್ಟಿದ್ದು ಎಂದು ಕಾಣುವಂತೆ ಹಾಕಬೇಕು. ಪ್ರತಿ ಸಂಖ್ಯೆಯನ್ನು 4 ಬಿಟ್‌ಗೆ ಇಳಿಸಿ ಗಾತ್ರ ಕುಗ್ಗಿಸಿದ ಆವೃತ್ತಿಗೂ ಇದೇ ಕತೆ, ಅದು ಯಂತ್ರ ಮಾಡಿದ ರೂಪಾಂತರವಷ್ಟೇ. ಅಡಾಪ್ಟರನ್ನು ಮಾತ್ರ ಹಂಚಿದರೆ ವಾದಕ್ಕೆ ಎಡೆಯಿದೆ, ಏಕೆಂದರೆ ಅದರಲ್ಲಿ ಮೂಲದ ಒಂದು ಸಂಖ್ಯೆಯೂ ಇಲ್ಲ. ಆದರೂ ಮೂಲದ ಷರತ್ತುಗಳನ್ನೇ ಜೊತೆಗಿಡುವುದು ಕ್ಷೇಮ ಎಂದು ಓದುಗರಿಗೆ ಹೇಳಿ.

ಚೀನಾದ ಡೀಪ್‌ಸೀಕ್ ಕಂಪನಿಯ ಆರ್1 ಮಾಡೆಲ್ ಇದಕ್ಕೆ ಒಳ್ಳೆಯ ಪಾಠ. 2025ರ ಜನವರಿಯಲ್ಲಿ ಮುಖ್ಯ ಮಾಡೆಲ್ ಎಂಐಟಿ ಅಡಿಯಲ್ಲಿ ಬಂತು. ಅದರ ಜೊತೆ ಬಂದ ಸಣ್ಣ ಮಾಡೆಲ್‌ಗಳಲ್ಲಿ ಕೆಲವು ಅಲಿಬಾಬಾದ ಕ್ವೆನ್ ಮಾಡೆಲ್‌ನ ಮೇಲೆ, ಕೆಲವು ಲಾಮಾದ ಮೇಲೆ ಕಟ್ಟಿದವು. ಲಾಮಾ ಮೇಲಿನವುಗಳಿಗೆ ಮೂಲ ಲಾಮಾ ಲೈಸೆನ್ಸ್ ಇದೆ ಎಂದು ಅವರ ವಿವರಣೆಯಲ್ಲೇ ಬರೆದಿದ್ದಾರೆ. ಮಾಡೆಲ್ ಪುಟದ ನೆತ್ತಿಯಲ್ಲಿರುವ ಲೈಸೆನ್ಸ್ ಪಟ್ಟಿಯಷ್ಟನ್ನೇ ನೋಡಿದವರು ಇದನ್ನು ಗಮನಿಸುವುದಿಲ್ಲ. ಮಾಡೆಲ್‌ನ ಉತ್ತರಗಳನ್ನು ಬಳಸಿ ಬೇರೆ ಮಾಡೆಲ್ ತರಬೇತುಗೊಳಿಸುವುದರ ಬಗ್ಗೆಯೂ ಒಂದು ಪ್ಯಾರಾ ಬೇಕು: ಲಾಮಾ 3ರ ಲೈಸೆನ್ಸ್ ಲಾಮಾ ಅಲ್ಲದ ಭಾಷಾ ಮಾಡೆಲ್‌ಗೆ ಅದನ್ನು ಬಿಡಲಿಲ್ಲ, 2024ರ ಜುಲೈನ 3.1 ಹೆಸರಿನ ಷರತ್ತಿನೊಂದಿಗೆ ಬಿಟ್ಟಿತು. ಗೂಗಲ್ ತನ್ನ ಜೆಮ್ಮಾ ಮಾಡೆಲ್‌ನ ಮೊದಲ ಆವೃತ್ತಿಗಳಿಗೆ ಬರೆದ ಬಳಕೆಯ ಷರತ್ತುಗಳು, ಜೆಮ್ಮಾದ ಉತ್ತರಗಳಿಂದ ಅದರಂತೆಯೇ ವರ್ತಿಸಲು ಕಲಿತ ಮಾಡೆಲನ್ನೂ ಜೆಮ್ಮಾದ ಸಂತತಿ ಎಂದೇ ಎಣಿಸುತ್ತವೆ. ಆವೃತ್ತಿ ಹೇಳದೆ "ಲಾಮಾ ಲೈಸೆನ್ಸ್" ಎಂದು ಬರೆದರೆ ಏನೂ ಹೇಳಿದಂತಾಗುವುದಿಲ್ಲ.

ನಿಮ್ಮ ಲೇಖನದಲ್ಲಿ ನಮಗೆ ತುಂಬ ಹಿಡಿಸಿದ್ದು ಏಳನೇ ಪುಟ. ಇಳಿಸಿಕೊಂಡ ಮಾಡೆಲ್ ಫೋಲ್ಡರ್‌ನಲ್ಲಿ ಏನೇನಿರುತ್ತದೆ ಎಂದು ಅಲ್ಲಿ ಒಂದೊಂದೇ ಕಡತ ತೆರೆದು ತೋರಿಸಿದ್ದೀರಿ. ಲೇಖನ ಅಲ್ಲಿಂದಲೇ ಶುರುವಾಗಲಿ. ಕೃತಕ ಬುದ್ಧಿಮತ್ತೆಯ ಇತಿಹಾಸ ಹೇಳುವ ಮೊದಲ ಎರಡು ಪುಟ ಬೇಡ. ಫೋಲ್ಡರ್ ತೆರೆಯಿರಿ, ಪ್ರತಿ ಕಡತಕ್ಕೂ ಒಂದೇ ಪ್ರಶ್ನೆ ಕೇಳಿ: ಇದನ್ನು ಯಾರು ಮಾಡಿದರು, ಯಾವ ಹಕ್ಕು ಇದನ್ನು ಹಿಡಿದಿದೆ? ಮಾಡೆಲ್ ನಡೆಸುವ ಪೈಥಾನ್ ಕೋಡ್ ಮನುಷ್ಯರು ಬರೆದದ್ದು, ಕೃತಿಸ್ವಾಮ್ಯ ನಿಸ್ಸಂಶಯ. ಕಾನ್ಫಿಗ್ ಕಡತದಲ್ಲಿರುವುದು ಪದರಗಳ ಸಂಖ್ಯೆ, ಅಗಲದಂಥ ಒಂದಿಷ್ಟು ಅಂಕೆಗಳು. ಅದರಲ್ಲಿ ಅಭಿವ್ಯಕ್ತಿ ಎನ್ನುವಂಥದು ಬಹಳ ಕಡಿಮೆ. ಪಠ್ಯವನ್ನು ತುಂಡು ಮಾಡುವ ಟೋಕನೈಸರ್‌ನ ಪದಪಟ್ಟಿಯನ್ನು ಲೆಕ್ಕಾಚಾರವೇ ಕಟ್ಟಿದ್ದು. ಸೇಫ್‌ಟೆನ್ಸರ್ಸ್ ಕಡತಗಳಲ್ಲಿ ವೇಟ್ಸ್, ಅದರ ಸ್ಥಿತಿ ಮೇಲೆ ಹೇಳಿದಂತೆ. ಮಾಡೆಲ್ ಕಾರ್ಡ್, ಅಂದರೆ ಮಾಡೆಲ್‌ನ ಪರಿಚಯ ಪುಟ, ಸಾಧಾರಣ ಬರಹ. ಒಂದೇ ಫೋಲ್ಡರ್‌ಗೆ ಎರಡು ಲೈಸೆನ್ಸ್ ಇರುವುದೂ ಉಂಟು: 2024ರ ಡಿಸೆಂಬರ್‌ನಲ್ಲಿ ಬಂದ ಡೀಪ್‌ಸೀಕ್ ವಿ3ರ ಕೋಡ್‌ಗೆ ಎಂಐಟಿ, ವೇಟ್ಸ್‌ಗೆ ಅವರದೇ ಪ್ರತ್ಯೇಕ ಲೈಸೆನ್ಸ್ ಇತ್ತು.

ಕೊನೆಯ ಭಾಗದ "ಎಚ್ಚರ ವಹಿಸಿ" ಎಂಬ ಸಲಹೆಯನ್ನು ತೆಗೆದು, ಮಾಡಬಹುದಾದ ಕೆಲಸ ಬರೆಯಿರಿ. ಬಳಸುವ ಮೊದಲು ಪುಟದ ಮೇಲಿನ ಪಟ್ಟಿ ಬಿಟ್ಟು ಲೈಸೆನ್ಸ್ ಕಡತವನ್ನೇ ಓದುವುದು. ಮಾಡೆಲ್ ಕಾರ್ಡ್‌ನಲ್ಲಿ ಮೂಲ ಮಾಡೆಲ್ ಯಾವುದೆಂದು ನೋಡಿ, ಅದರ ಮೂಲಕ್ಕೂ ಹೋಗಿ, ತುದಿ ಮುಟ್ಟುವವರೆಗೆ ಹತ್ತುವುದು. ಎರಡು ಮಾಡೆಲ್ ಬೆರೆಸಿದ್ದರೆ ಎರಡೂ ಕವಲು ಹತ್ತಬೇಕು. ಇಳಿಸಿಕೊಂಡ ದಿನಾಂಕ, ಕಮಿಟ್ ಹ್ಯಾಷ್ (ಆವೃತ್ತಿಯ ಗುರುತುಸಂಖ್ಯೆ), ಆ ದಿನದ ಲೈಸೆನ್ಸ್ ಪ್ರತಿ ಮೂರನ್ನೂ ವೇಟ್ಸ್ ಜೊತೆಯೇ ಇಡುವುದು, ಏಕೆಂದರೆ ಪುಟದಲ್ಲಿನ ಲೈಸೆನ್ಸ್ ಮುಂದೆ ಬದಲಾಗಬಹುದು. ಅಪಾಚೆ 2.0 ಆಗಿದ್ದರೆ ಬದಲಿಸಿದ ಕಡತಗಳಲ್ಲಿ ಬದಲಿಸಿದ್ದೇವೆ ಎಂದು ಬರೆದು, ನೋಟಿಸ್ ಕಡತವಿದ್ದರೆ ಉಳಿಸಿಕೊಳ್ಳುವುದು. ಸ್ವಂತ ವೇಟ್ಸ್ ಬಿಡುಗಡೆ ಮಾಡುವವರು ಕೋಡ್, ವೇಟ್ಸ್, ಡೇಟಾ ಮೂರಕ್ಕೂ ಬೇರೆಬೇರೆಯಾಗಿ ಲೈಸೆನ್ಸ್ ಹೆಸರಿಸುವುದು. ಡೇಟಾಬೇಸ್ ಹಕ್ಕನ್ನೂ ಬಿಟ್ಟುಕೊಡಬೇಕೆಂದರೆ ಕ್ರಿಯೇಟಿವ್ ಕಾಮನ್ಸ್‌ನ 4.0 ಆವೃತ್ತಿಗಳಲ್ಲಿ ಅದರ ಉಲ್ಲೇಖವಿದೆ, ಅಪಾಚೆಯಲ್ಲಿ ಇಲ್ಲ ಎಂಬುದನ್ನೂ ಅಲ್ಲೇ ಹೇಳಿ.

ಪರಿಷ್ಕರಿಸಿದ ಲೇಖನ 1,800 ಪದ ಮೀರದಿರಲಿ. ಅದರೊಡನೆ ನೀವು ಹೆಸರಿಸುವ ಪ್ರತಿ ಲೈಸೆನ್ಸಿನ ಆವೃತ್ತಿ ಸಂಖ್ಯೆ, ದಿನಾಂಕ, ಮತ್ತು ನೀವು ಆಧರಿಸಿದ ಷರತ್ತಿನ ಮೂಲಪಾಠವನ್ನು ಪ್ರತ್ಯೇಕ ಕಡತದಲ್ಲಿ ಕಳಿಸಿ. ಅಚ್ಚಿಗೆ ಕೊಡುವ ಮುನ್ನ ಅವನ್ನೂ ನಿಮ್ಮ ವಾಕ್ಯಗಳನ್ನೂ ಪಕ್ಕಪಕ್ಕ ಇಟ್ಟು ಓದುತ್ತೇವೆ.

ಸಂಪಾದಕ ಬಳಗ