ಪುಡಿ ಮ್ಯಾಗ್ನೆಟ್ಟಿಗೆ ಅಂಟುತ್ತೆ, ಲೂಪ್ ಮಾತ್ರ ಬರಲ್ಲ!

ಪ್ರಶ್ನೆ: ಪ್ರಾಜೆಕ್ಟಿಗೆ 10 ನ್ಯಾನೋಮೀಟರ್ ಸೈಜಿನ ಮ್ಯಾಗ್ನೆಟೈಟ್ (ಒಂದು ಕಪ್ಪು ಐರನ್ ಆಕ್ಸೈಡ್) ಪುಡಿ ಮಾಡಿದ್ವಿ ಸರ್. ಮ್ಯಾಗ್ನೆಟ್ ಹಿಡಿದ್ರೆ ಓಡಿ ಬಂದು ಅಂಟ್ಕೊಳ್ಳುತ್ತೆ, ಆದ್ರೆ ರೂಮ್ ಟೆಂಪರೇಚರಲ್ಲಿ ಹಿಸ್ಟರೆಸಿಸ್ (ಫೀಲ್ಡ್ ಏರಿಸಿ ಇಳಿಸಿ ಮ್ಯಾಗ್ನೆಟೈಸೇಷನ್ ಅಳೆಯೋ ಗ್ರಾಫ್) ತೆಗೆದ್ರೆ ಲೂಪೇ ಇಲ್ಲ, ಎಸ್ ಥರ ಒಂದೇ ಗೆರೆ. 5 ಕೆಲ್ವಿನ್‌ಗೆ ಇಳಿಸಿದ್ಮೇಲೆ ಲೂಪ್ ಬಂತು. ಮ್ಯಾಗ್ನೆಟ್ ಗುಣ ಹೋಗೋ ಕ್ಯೂರಿ ಟೆಂಪರೇಚರ್ 580 ಡಿಗ್ರಿ ಹತ್ರ ಅಂತಾರಲ್ಲ, ನಮ್ಮ ಸ್ಯಾಂಪಲ್ ಕೆಟ್ಟಿದ್ಯಾ?

ಉತ್ತರ: ಕೆಟ್ಟಿಲ್ಲ, ಚೆನ್ನಾಗೇ ಬಂದಿದೆ. ಆ 580 ಡಿಗ್ರಿ ಸೆಲ್ಸಿಯಸ್ ಲೆಕ್ಕ ಕಣದ ಒಳಗಿನ ಆಟಂಗಳದ್ದು, ಅಲ್ಲಿ ತನಕ ಅವುಗಳ ಪುಟ್ಟ ಮ್ಯಾಗ್ನೆಟ್‌ಗಳು, ಅಂದ್ರೆ ಸ್ಪಿನ್‌ಗಳು ಒಂದಕ್ಕೊಂದು ಕಟ್ಟುಬಿದ್ದೇ ಇರ್ತವೆ, ನಿಮ್ಮ ಪುಡೀಲೂ ಅಷ್ಟೇ. ಆದ್ರೆ ಇಷ್ಟು ಸಣ್ಣ ಕಣದಲ್ಲಿ ಒಂದೇ ಡೊಮೇನ್ (ಸ್ಪಿನ್‌ಗಳೆಲ್ಲ ಒಟ್ಟಿಗೆ ಸಾಲಾಗಿರೋ ಜಾಗ) ಇರೋದು, ಇಡೀ ಕಣಾನೇ ಒಂದು ಪುಟಾಣಿ ಮ್ಯಾಗ್ನೆಟ್, ಅದರ ದಿಕ್ಕು ಈ ಕಡೆಯಿಂದ ಆ ಕಡೆಗೆ ತಿರುಗೋಕೆ ಒಂದು ಎನರ್ಜಿ ದಿಣ್ಣೆ ಹತ್ತಿ ಇಳೀಬೇಕು, ಆ ದಿಣ್ಣೆ ಎಷ್ಟು ಎತ್ತರ ಅನ್ನೋದು ಅನೈಸೋಟ್ರಪಿ (ಕೆಲವು ದಿಕ್ಕಿಗೇ ಇರೋ ಒಲವು) ಮತ್ತೆ ಕಣದ ಗಾತ್ರ (ವಾಲ್ಯೂಮ್) ಎರಡನ್ನೂ ಗುಣಿಸಿದಷ್ಟು. 10 ನ್ಯಾನೋಮೀಟರ್‌ಗೆ ಅದು ತೀರಾ ಗಿಡ್ಡ, ರೂಮಿನ ಶಾಖಾನೇ ದಾಟಿಸಿಬಿಡುತ್ತೆ. ಕೆಲವೇ ನ್ಯಾನೋಸೆಕೆಂಡಿಗೊಮ್ಮೆ ಪಲ್ಟಿ ಹೊಡೀತಾ ಇರುತ್ತೆ, ನಿಮ್ಮ ಮೆಷಿನ್ ಒಂದು ಪಾಯಿಂಟ್ ಅಳೆಯೋಕೆ ಸೆಕೆಂಡುಗಟ್ಟಲೆ ತಗೊಳ್ಳುತ್ತೆ, ಅಷ್ಟರಲ್ಲಿ ಎಲ್ಲ ಸರಾಸರಿಯಾಗಿ ಸೊನ್ನೆ. ಫೀಲ್ಡ್ ಕೊಟ್ರೆ ಮಾತ್ರ ಎಲ್ಲ ಒಂದೇ ಕಡೆ ವಾಲ್ತವೆ, ಅದಕ್ಕೇ ಅಂಟೋದು. ಇದೇ ಸೂಪರ್‌ಪ್ಯಾರಾಮ್ಯಾಗ್ನೆಟಿಸಂ, 1949ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಲೂಯಿ ನೀಲ್ ಇದಕ್ಕೆ ಲೆಕ್ಕ ಹಾಕಿಕೊಟ್ರು.

ತಣ್ಣಗೆ ಮಾಡ್ತಾ ಹೋದ್ರೆ ಪಲ್ಟಿ ನಿಧಾನ ಆಗುತ್ತೆ, ಒಂದು ಹಂತದಲ್ಲಿ ನಿಂತೇಹೋದಂಗೆ ಕಾಣುತ್ತೆ, ಅದು ಬ್ಲಾಕಿಂಗ್ ಟೆಂಪರೇಚರ್, 5 ಕೆಲ್ವಿನ್‌ಗೆ ನಿಮ್ಗೆ ಲೂಪ್ ಬಂದಿದ್ದು ಅದಕ್ಕೇ. ಬಲ್ಕ್ (ದೊಡ್ಡ ತುಂಡಿನ) ಮ್ಯಾಗ್ನೆಟೈಟಿನ ಅನೈಸೋಟ್ರಪಿ ಹಾಕಿದ್ರೆ 10 ನ್ಯಾನೋಮೀಟರ್‌ಗೆ ಸುಮಾರು 20 ಕೆಲ್ವಿನ್ ಬರುತ್ತೆ, 20 ನ್ಯಾನೋಮೀಟರ್ ಆದ್ರೆ ಗಾತ್ರ ಎಂಟು ಪಟ್ಟು, ಹಂಗಾಗಿ 160ರ ಹತ್ರ ಹೋಗುತ್ತೆ. ನಿಜವಾದ ಪುಡೀಲಿ ಸರ್ಫೇಸ್ ಎಫೆಕ್ಟು, ಕಣಗಳು ಗುಂಪುಗಟ್ಟೋದು ಎಲ್ಲ ಸೇರಿ ಇನ್ನೂ ಮೇಲೇ ಬರೋದು ಜಾಸ್ತಿ, ಗಾಬರಿ ಬೇಡ. ಇನ್ನೊಂದು, ಮಜಾ ಇರೋದೇ ಇಲ್ಲಿ, ಅದೇ ಸ್ಯಾಂಪಲನ್ನ ಗಾಮಾ ಕಿರಣದಿಂದ ಕಬ್ಬಿಣದ ಆಟಂ ನೋಡೋ ಮಾಸ್‌ಬೌರ್‌ಗೆ ಹಾಕಿದ್ರೆ ಬ್ಲಾಕಿಂಗ್ ಟೆಂಪರೇಚರ್ ಇನ್ನೂ ಹೆಚ್ಚು ತೋರಿಸುತ್ತೆ, ಯಾಕಂದ್ರೆ ಅದು ನೋಡೋದೇ ಹತ್ತಾರು ನ್ಯಾನೋಸೆಕೆಂಡಿನ ಲೆಕ್ಕದಲ್ಲಿ. ಎರಡು ಮೆಷಿನ್ನಿನ ನಂಬರ್ ಹೊಂದ್ತಿಲ್ಲ ಅಂತ ಯಾರ ಜೊತೇನೂ ಜಗಳಕ್ಕೆ ಹೋಗ್ಬೇಡಿ.

ಪ್ರಶ್ನೆ: 120 ಕೆಲ್ವಿನ್ ಹತ್ರ ವರ್ವೇ ಟ್ರಾನ್ಸಿಷನ್ (ಮ್ಯಾಗ್ನೆಟೈಟಿನ ರಚನೆ, ಗುಣ ಥಟ್ಟನೆ ಬದಲಾಗೋದು) ಕಾಣ್ಬೇಕಿತ್ತಲ್ವಾ? ನಮ್ಗೆ ಏನೂ ಕಾಣ್ಲಿಲ್ಲ.

ಉತ್ತರ: ಇಷ್ಟು ಸಣ್ಣ ಕಣದಲ್ಲಿ ಅದು ಸಾಮಾನ್ಯವಾಗಿ ಮಸುಕಾಗುತ್ತೆ ಇಲ್ಲಾ ಕಾಣೋದೇ ಇಲ್ಲ. ಆದ್ರೆ ಪುಡಿ ಎಷ್ಟು ದಿನ ಗಾಳೀಲಿತ್ತು ಅಂತ ನೀವು ಬರೆದೇ ಇಲ್ಲ. ಬಣ್ಣ ಕಪ್ಪಿಂದ ಕಂದು ಕಡೆ ತಿರುಗಿದ್ರೆ ಆಕ್ಸಿಡೈಸ್ ಆಗಿ ಇನ್ನೊಂದು ಐರನ್ ಆಕ್ಸೈಡ್ ಆದ ಮ್ಯಾಗ್‌ಹೆಮೈಟ್ ಆಗಿರ್ಬಹುದು, ಅದಕ್ಕೆ ವರ್ವೇ ಅನ್ನೋದೇ ಇಲ್ಲ. ಎಕ್ಸ್‌ರೇ ಡಿಫ್ರ್ಯಾಕ್ಷನ್‌ನಲ್ಲಿ ಇವೆರಡೂ ಅಣ್ತಮ್ಮಂದಿರ ಥರ ಒಂದೇ ಮುಖ, ಅದೊಂದನ್ನೇ ನಂಬ್ಕೊಂಡು ರಿಪೋರ್ಟಲ್ಲಿ ಮ್ಯಾಗ್ನೆಟೈಟ್ ಅಂತ ಬರೀಬೇಡಿ, ಮಾಸ್‌ಬೌರ್ ಮಾಡಿಸಿ ನೋಡಿ.