ಬಟ್ಟೆ ಅಂಗಡಿಯಾದ ನಮ್ಮ ಟಾಕೀಸು

ಹಳೆ ಸಿನಿಮಾ ಟಾಕೀಸು ಅಂಗಡಿಯಾದ ಮೇಲೆ ಯಾರಾದರೂ ಅದರೊಳಗೆ ಹೋಗಿದ್ದೀರಾ, ಹಳೆಯದು ಏನಾದರೂ ಉಳಿದಿತ್ತಾ, ಹೋದಾಗ ಏನನ್ನಿಸಿತು ಅಂತ ಕೇಳಿದ್ದೀರಿ.

ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಹೆಂಡತಿ ಜೊತೆ, ಮದುವೆ ಸೀರೆ ತರೋದಕ್ಕೆ. ಎರಡನೇ ಸಲ ನಮ್ಮ ಸೋದರಮಾವನನ್ನು ಕರೆದುಕೊಂಡು. ಹಳೆಯದು ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಉಳಿದಿತ್ತು.

ಬೆಂಗಳೂರಿನ ದಕ್ಷಿಣ ಭಾಗದ ಒಂದು ಹಳೇ ಬಡಾವಣೆ ನಮ್ಮದು. ಟಾಕೀಸಿಗೆ ಒಂದು ದೇವರ ಹೆಸರಿತ್ತು. ಆ ಹೆಸರು ಹೇಳಿದವರನ್ನು ನಾನು ಕಾಣೆ. ನಮಗೆಲ್ಲ ಅದು 'ಟಾಕೀಸು', ಅಷ್ಟೇ. ಸಂಜೆ ಮೈಕಿನಲ್ಲಿ ದೇವರ ಹಾಡು ಕೇಳಿಸಿತು ಅಂದರೆ ಫಸ್ಟ್ ಶೋಗೆ ಟಿಕೆಟ್ ಕೊಡೋಕೆ ಶುರುವಾಯಿತು ಅಂತ ಅರ್ಥ. ಅಮ್ಮ ಆ ಹಾಡು ಕೇಳಿ ಒಲೆ ಮೇಲಿನ ಅನ್ನ ಇಳಿಸುತ್ತಿದ್ದಳು. ಹೆಂಗಸರ ಕ್ಯೂ ಬೇರೆ ಇತ್ತು. ಜನ ಜಾಸ್ತಿ ಇದ್ದ ದಿನ ಗಂಡಸರು ಅಮ್ಮನ ಕೈಗೆ ದುಡ್ಡು ಕೊಟ್ಟು ಟಿಕೆಟ್ ತರಿಸೋರು. ಗಂಡಸರ ಕ್ಯೂಗೆ ಎರಡೂ ಕಡೆ ಕಬ್ಬಿಣದ ಸರಳು, ಒಬ್ಬರೇ ನಿಲ್ಲುವಷ್ಟು ಅಗಲ. ಕೊನೆಯಲ್ಲಿ ಒಂದು ಮುಷ್ಟಿ ತೂರುವಷ್ಟು ಕಿಂಡಿ. ಒಳಗಿದ್ದವರ ಮುಖ ಯಾರೂ ನೋಡಿರಲಿಲ್ಲ, ಕೈ ಮಾತ್ರ ಗೊತ್ತು.

ಪರದೆಯ ಹತ್ತಿರ ಗಾಂಧಿ ಕ್ಲಾಸ್. ಅದರ ಹಿಂದೆ ಸೆಕೆಂಡ್ ಕ್ಲಾಸ್, ಫಸ್ಟ್ ಕ್ಲಾಸ್. ಮೇಲೆ ಬಾಲ್ಕನಿ. ನೆಲ ಇಳಿಜಾರು. ಯಾರಾದರೂ ಹಿಂದಿನ ಸಾಲಿನಲ್ಲಿ ಸೋಡಾ ಬಾಟಲಿ ಬೀಳಿಸಿದರೆ ಅದು ಕುರ್ಚಿ ಕಾಲುಗಳಿಗೆ ತಾಗುತ್ತಾ ತಾಗುತ್ತಾ ಗಾಂಧಿ ಕ್ಲಾಸಿನ ತನಕ ಉರುಳಿಕೊಂಡು ಬರುತ್ತಿತ್ತು. ಆ ಸದ್ದು ನನಗೆ ಈಗಲೂ ಕಿವಿಯಲ್ಲಿದೆ.

ಮಾವ ಅಲ್ಲಿ ಆಪರೇಟರ್, ಅಂದರೆ ಸಿನಿಮಾ ಮೆಷಿನ್ ಓಡಿಸೋರು. ಮೂವತ್ತು ವರ್ಷಕ್ಕೂ ಜಾಸ್ತಿ ಅದೇ ಕ್ಯಾಬಿನ್‌ನಲ್ಲಿ ಕೆಲಸ ಮಾಡಿದರು. ಹಾಗಾಗಿ ನಾನು ಎಷ್ಟೋ ಸಿನಿಮಾಗಳನ್ನು ನೋಡಿದ್ದು ಗೋಡೆಯ ಚೌಕ ಕಿಂಡಿಯಲ್ಲಿ, ಸ್ಟೂಲ್ ಮೇಲೆ ನಿಂತುಕೊಂಡು. ಒಂದೊಂದು ಮೆಷಿನ್ನಿಗೂ ಎರಡು ಕಿಂಡಿ. ಒಂದರಲ್ಲಿ ಬೆಳಕು ಹೋಗಬೇಕು, ಇನ್ನೊಂದರಲ್ಲಿ ಆಪರೇಟರ್ ಪರದೆ ನೋಡಬೇಕು.

ಆ ಕ್ಯಾಬಿನ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಈಗಿನ ಮಕ್ಕಳಿಗೆ ಅದು ಗೊತ್ತಾಗೋ ದಾರಿಯೇ ಇಲ್ಲ. ಫಿಲ್ಮು ಸೆಕೆಂಡಿಗೆ 24 ಚಿತ್ರದಂತೆ ಓಡುತ್ತದೆ. ಅಂದರೆ ನಿಮಿಷಕ್ಕೆ 90 ಅಡಿ. 2,000 ಅಡಿಯ ರೀಲು ಸುಮಾರು 22 ನಿಮಿಷಕ್ಕೆ ಮುಗಿದುಹೋಗುತ್ತದೆ. ಎರಡೂವರೆ ಗಂಟೆಯ ಸಿನಿಮಾ ಅಂದರೆ ಹದಿಮೂರೂವರೆ ಸಾವಿರ ಅಡಿ! ಅದಕ್ಕೇ ಎರಡು ಮೆಷಿನ್. ಒಂದು ಓಡುವಾಗ ಇನ್ನೊಂದಕ್ಕೆ ಮುಂದಿನ ರೀಲು ಹಾಕಿಟ್ಟು ಕಾಯಬೇಕು. ರೀಲು ಮುಗಿಯೋಕೆ ಎಂಟು ಸೆಕೆಂಡ್ ಇರುವಾಗ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ. ಮಾವ ಎರಡನೇ ಮೆಷಿನ್ನಿನ ಮೋಟಾರು ಹಾಕುತ್ತಿದ್ದರು. ಇನ್ನೊಂದು ಚುಕ್ಕೆ ಬಂದ ತಕ್ಷಣ ಬೆಳಕು ಈ ಮೆಷಿನ್ನಿಂದ ಆ ಮೆಷಿನ್ನಿಗೆ. ಕೆಳಗೆ ಕೂತ ಸಾವಿರ ಜನಕ್ಕೆ ಇದರ ಸುಳಿವೇ ಸಿಗಬಾರದು. ಮಾವನಿಗೆ ಹೆಮ್ಮೆ ಇದ್ದದ್ದು ಇದೊಂದರ ಬಗ್ಗೆ.

ಬೆಳಕು ಬಲ್ಬಿನದಲ್ಲ, ಕಾರ್ಬನ್ ಕಡ್ಡಿಯದು. ಎರಡು ಕಡ್ಡಿ ಎದುರುಬದುರು, ನಡುವೆ ಕಣ್ಣು ಕುಕ್ಕುವ ಬೆಂಕಿ. ಉರಿದು ಉರಿದು ಕಡ್ಡಿ ಸವೆಯುತ್ತದೆ, ಅಂತರ ಸರಿಮಾಡುತ್ತಾ ಇರಬೇಕು. ಮಾವ ಕಪ್ಪು ಗಾಜಿನಲ್ಲಿ ಇಣುಕಿ ತಿರುಪು ತಿರುಗಿಸುತ್ತಿದ್ದರು. ಸ್ವಲ್ಪ ಮರೆತರೂ ಪರದೆ ಹಳದಿಗೆ ತಿರುಗೋದು, ಗಾಂಧಿ ಕ್ಲಾಸಿನಿಂದ ಶಿಳ್ಳೆ ಬರೋದು. ಸವೆದ ಕಡ್ಡಿಯ ತುಂಡುಗಳಿಗೆ ತಾಮ್ರದ ಲೇಪ ಇರುತ್ತಿತ್ತು, ಅವನ್ನು ನಾವು ಮಕ್ಕಳು ಆರಿಸಿಕೊಳ್ಳುತ್ತಿದ್ದೆವು. ತುಂಡಾದ ಫಿಲ್ಮಿನ ಚೂರುಗಳನ್ನೂ ಅಷ್ಟೆ. ಸುಟ್ಟುಹೋದ ಬಲ್ಬಿನ ಬುಡ ತೆಗೆದು ನೀರು ತುಂಬಿಸಿ, ಕನ್ನಡಿಯಲ್ಲಿ ಬಿಸಿಲು ಹಿಡಿದು, ಅಪ್ಪನ ಬಿಳಿ ಪಂಚೆ ಮೇಲೆ ಚಿತ್ರ ಬಿಡುತ್ತಿದ್ದೆವು. ನಮ್ಮ ವಯಸ್ಸಿನವರು ಎಷ್ಟೋ ಜನ ಈ ಆಟ ಆಡಿರುತ್ತೀರಿ, ಅಲ್ವಾ?

ಒಂದು ಸಲ ಮಾವ ನನ್ನನ್ನು ಪರದೆಯ ಹಿಂದಕ್ಕೆ ಕರೆದುಕೊಂಡು ಹೋಗಿದ್ದರು. ಪರದೆ ತುಂಬಾ ಸಣ್ಣ ಸಣ್ಣ ತೂತುಗಳು. ಹಿಂದೆ ಬೀರುವಿನಷ್ಟು ದೊಡ್ಡ ಸ್ಪೀಕರುಗಳು, ಅವುಗಳ ಸದ್ದು ಆ ತೂತುಗಳಿಂದಲೇ ಆಚೆ ಹೋಗಬೇಕು. ಅಲ್ಲಿಂದ ನೋಡಿದರೆ ಅಕ್ಷರಗಳೆಲ್ಲ ತಿರುಗುಮುರುಗು. ಮಾತು ಎದೆಗೆ ಗುದ್ದಿದ ಹಾಗೆ.

ಟಾಕೀಸು ಮುಚ್ಚಿದ್ದು ಯಾಕೆ ಅನ್ನೋದನ್ನು ಬೇಗ ಮುಗಿಸುತ್ತೇನೆ. ಮನೆಮನೆಗೆ ಕೇಬಲ್ ಬಂತು. 2004ರಲ್ಲಿ ಕೋರಮಂಗಲದ ಫೋರಂ ಮಾಲಿನಲ್ಲಿ ಹನ್ನೊಂದು ಪರದೆಯ ಮಲ್ಟಿಪ್ಲೆಕ್ಸ್ ಶುರುವಾಯಿತು. ಸಾವಿರ ಸೀಟಿನ ನಮ್ಮ ಟಾಕೀಸಿನ ಮ್ಯಾಟಿನಿಗೆ ನಲವತ್ತು ಜನ. ಬಟ್ಟೆ ಅಂಗಡಿಯವರು ತಿಂಗಳು ತಿಂಗಳು ಬಾಡಿಗೆ ಕೊಡುತ್ತೇವೆ ಅಂದರು. ಮಾಲೀಕರು ಒಪ್ಪಿದರು. ಅವರನ್ನು ಬೈಯೋಕೆ ನನಗೆ ಮನಸ್ಸಿಲ್ಲ.

ನಾನು ಮುಖ್ಯವಾಗಿ ಹೇಳಬೇಕು ಅಂತಿದ್ದದ್ದು ಇದು. ಅಂಗಡಿಯಾಗಿದ್ದಕ್ಕೇ ನಮ್ಮ ಟಾಕೀಸಿನ ಗೋಡೆ ಇನ್ನೂ ನಿಂತಿದೆ. ಗಾಂಧಿನಗರದ ಕಪಾಲಿ ನೋಡಿ. 1968ರಲ್ಲಿ ಶುರುವಾದದ್ದು, 1,400ಕ್ಕೂ ಜಾಸ್ತಿ ಸೀಟು. 2017ರಲ್ಲಿ ಮುಚ್ಚಿದರು, ಆಮೇಲೆ ಪೂರ್ತಿ ಕೆಡವಿದರು. ಸ್ಯಾಂಕಿ ರಸ್ತೆಯ ಕಾವೇರಿ 1974ರಲ್ಲಿ ಶುರುವಾಗಿ ಐವತ್ತು ವರ್ಷ ತುಂಬಿದ 2024ರಲ್ಲೇ ಬಾಗಿಲು ಹಾಕಿತು. ಕೆಂಪೇಗೌಡ ರಸ್ತೆಯಲ್ಲಿ ಅಲಂಕಾರ್ ಟಾಕೀಸು ಹೋಗಿ ಅಲಂಕಾರ್ ಪ್ಲಾಜಾ ಆಯಿತು. ಮೆಜೆಸ್ಟಿಕ್, ಮಿನರ್ವ ಸರ್ಕಲ್ ಅಂತ ದಿನಾ ಬಸ್ ಕಂಡಕ್ಟರ್‌ಗೆ ಹೇಳುತ್ತೇವೆ. ಎರಡೂ ಟಾಕೀಸಿನ ಹೆಸರು. ಅಲ್ಲೆಲ್ಲ ಹೆಸರು ಮಾತ್ರ ಉಳಿಯಿತು. ನಮ್ಮದರಲ್ಲಿ ತಲೆಕೆಳಗು. ಹೆಸರು ಹೋಯಿತು, ಕಟ್ಟಡ ಉಳಿಯಿತು.

ಮೊದಲ ಸಲ ಒಳಗೆ ಹೋದಾಗ ನನಗೆ ಗುರುತೇ ಹತ್ತಲಿಲ್ಲ. ಎಲ್ಲ ಕಡೆ ಫಾಲ್ಸ್ ಸೀಲಿಂಗ್, ಬಿಳಿ ಲೈಟು, ಏಸಿ. ಸೀರೆ ಕೌಂಟರಿನಿಂದ ಎದ್ದು ಮಕ್ಕಳ ಬಟ್ಟೆ ಕಡೆ ನಡೆದೆ. ಎರಡು ಕಡೆ ಮೆಟ್ಟಿಲು ಇಳಿಯಬೇಕಾಯಿತು. 'ಮೆಟ್ಟಿಲಿದೆ, ಎಚ್ಚರಿಕೆ' ಅಂತ ಹಳದಿ ಪಟ್ಟಿ ಬೇರೆ ಅಂಟಿಸಿದ್ದರು. ಒಂದೇ ಮಹಡಿಯಲ್ಲಿ ಮೆಟ್ಟಿಲು ಯಾಕಿದೆ ಅಂತ ಯೋಚಿಸುತ್ತಾ ನಿಂತವನಿಗೆ ಥಟ್ಟನೆ ಹೊಳೆಯಿತು. ಇಳಿಜಾರನ್ನು ಪೂರ್ತಿ ತುಂಬಿಸದೆ ಮೂರು ಹಂತ ಮಾಡಿ ಸಮ ಮಾಡಿದ್ದಾರೆ. ಸೀರೆ ಇರೋದು ಫಸ್ಟ್ ಕ್ಲಾಸಿನಲ್ಲಿ. ಮಕ್ಕಳ ಬಟ್ಟೆ ಗಾಂಧಿ ಕ್ಲಾಸಿನಲ್ಲಿ! ಪರದೆ ಇದ್ದ ಕಡೆ ಕಿಟಕಿಯೇ ಇಲ್ಲದ ದೊಡ್ಡ ಗೋಡೆ, ಅದಕ್ಕೆ ಒರಗಿಸಿ ಟ್ರಯಲ್ ರೂಮುಗಳು. ಹೆಂಡತಿ ಬಂದು ಕರೆಯೋ ತನಕ ನಾನು ಅಲ್ಲೇ ನಿಂತಿದ್ದೆ.

ನಿಮ್ಮ ಕಡೆಯೂ ಇಂಥ ಅಂಗಡಿ ಇದ್ದರೆ ಇದನ್ನೆಲ್ಲ ನೋಡಿ. ಪಕ್ಕದ ಗೋಡೆಗಳಲ್ಲಿ ಆಚೆಗೆ ತೆರೆಯುವ ಅಗಲ ಬಾಗಿಲುಗಳ ಸಾಲು ಇರುತ್ತದೆ, ಶೋ ಬಿಟ್ಟಾಗ ಜನ ಹೋಗುತ್ತಿದ್ದದ್ದು ಅಲ್ಲಿಂದ. ಮೊದಲನೇ ಮಹಡಿ ಮುಂದಕ್ಕೆ ಚಾಚಿ ಅರ್ಧಕ್ಕೇ ನಿಂತಿದ್ದರೆ ಅದು ಬಾಲ್ಕನಿ. ರಸ್ತೆಯಿಂದ ಛಾವಣಿ ಕಡೆ ನೋಡಿ, ಕಬ್ಬಿಣದ ಕೊಳವೆಯ ಮೋಟು ಕಂಡರೆ ಕಾರ್ಬನ್ ಹೊಗೆ ಹೋಗುತ್ತಿದ್ದದ್ದು ಅದರಲ್ಲೇ.

ಎರಡನೇ ಸಲ ಹೋದಾಗ ಮಾವನಿಗೆ ಎಂಬತ್ತೆರಡು. ಮೊದಲು ಬರೋದಿಲ್ಲ ಅಂದರು. ಒಂದು ವಾರ ಬಿಟ್ಟು ಅವರೇ ಫೋನ್ ಮಾಡಿ, "ಯಾವತ್ತು ಹೋಗೋಣ?" ಅಂದರು. ಅಂಗಡಿಯ ಮ್ಯಾನೇಜರ್ ಚಿಕ್ಕ ಹುಡುಗ. ವಿಷಯ ಹೇಳಿದ ತಕ್ಷಣ, "ಬನ್ನಿ ತಾತ, ಮೇಲಿರೋದು ಸ್ಟಾಕ್ ರೂಮು, ಸ್ವಲ್ಪ ಧೂಳಿದೆ" ಅಂತ ಕೈ ಹಿಡಿದು ಹತ್ತಿಸಿದ. ಅವನ ಉಪಕಾರ ನಾನು ಮರೆಯೋದಿಲ್ಲ.

ಕ್ಯಾಬಿನ್ ತುಂಬಾ ರಟ್ಟಿನ ಡಬ್ಬಗಳು. ಹಾಲ್ ಕಡೆಯಿಂದ ಕಿಂಡಿಗಳನ್ನು ಮುಚ್ಚಿಬಿಟ್ಟಿದ್ದಾರೆ. ಆದರೆ ಒಳಗಡೆಯಿಂದ ನಾಲ್ಕೂ ಚೌಕ ಹಾಗೇ ಇವೆ. ಮಾವ ಗೋಡೆ ನೋಡಲಿಲ್ಲ. ನೆಲ ನೋಡಿದರು. ಕಾಲಿನಿಂದ ಒಂದು ಡಬ್ಬ ಸರಿಸಿದರು. ಮೆಷಿನ್ ಕೂರಿಸಿದ್ದ ಬೋಲ್ಟುಗಳ ಗುರುತು ಸಿಮೆಂಟಿನಲ್ಲಿ ಇನ್ನೂ ಇತ್ತು. "ಇದು ಒಂದನೇದು. ಅಲ್ಲಿ ಎರಡನೇದು" ಅಂದರು. ಆಮೇಲೆ ಎರಡರ ಮಧ್ಯೆ ಹೋಗಿ ನಿಂತುಕೊಂಡರು. ಅದೇ ಜಾಗ, ಅದೇ ಭಂಗಿ, ಬಲಗೈ ಸ್ವಲ್ಪ ಮುಂದೆ. ಹುಡುಗ ಕುರ್ಚಿ ತರಲಾ ಅಂದ. ಬೇಡ ಅಂದರು. ಎಷ್ಟು ಹೊತ್ತೋ, ಹತ್ತು ನಿಮಿಷ ಇರಬಹುದು. ನಾವಿಬ್ಬರೂ ಬಾಗಿಲಲ್ಲೇ ಇದ್ದೆವು.

ಕೆಳಗೆ ಬಂದ ಮೇಲೆ ಮಾವ ಒಂದು ಪಂಚೆ ಕೊಂಡರು. ಮನೆಯಲ್ಲಿ ಬೀರು ತುಂಬಾ ಪಂಚೆಗಳಿವೆ, ಯಾಕೆ ಅಂದೆ. "ಸುಮ್ನೆ ನೋಡ್ಕೊಂಡು ಹೋಗೋಕಾಗಲ್ಲ ಕಣೋ. ಇಲ್ಲಿಗೆ ಬಂದೋರೆಲ್ಲ ಟಿಕೆಟ್ ತಗೊಂಡೇ ಬಂದಿದ್ದು" ಅಂದರು. ಬಿಲ್ಲನ್ನು ಮಡಚಿ ಅಂಗಿಯ ಮೇಲಿನ ಜೇಬಿನಲ್ಲಿ ಇಟ್ಟುಕೊಂಡರು.