ಓದುಗರ ಪ್ರಶ್ನೆ: ನೋಡಲು ಬಂದವರೇ ಕೊಡುವವರಾದಾಗ

ಪ್ರಶ್ನೆ: ನಮ್ಮದು ಹವ್ಯಾಸಿ ರಂಗತಂಡ. ಔದಾರ್ಯದ ಬಗ್ಗೆ, ಪ್ರೇಕ್ಷಕರೂ ಪಾಲ್ಗೊಳ್ಳುವಂಥ ಪ್ರದರ್ಶನ ಮಾಡುವ ಆಸೆಯಿದೆ. ಮೇಜಿನ ಮೇಲೆ ವಸ್ತುಗಳನ್ನಿಟ್ಟು ‘ಒಂದು ಇಡಿ, ಒಂದು ಒಯ್ಯಿರಿ’ ಎಂದು ಬರೆದರೆ ಸಾಕೇ?

ಉತ್ತರ: ಸಾಲದು. ಅದು ವಿನಿಮಯವಾಗುತ್ತದೆ. ಬಂದವರು ತಾವಿಟ್ಟದ್ದಕ್ಕೆ ಸಮನಾದದ್ದು ಯಾವುದೆಂದು ಲೆಕ್ಕ ಹಾಕತೊಡಗುತ್ತಾರೆ. ಚೆನ್ನಾಗಿರುವುದೆಲ್ಲ ಬೇಗ ಖಾಲಿಯಾಗಿ ಬೇಡದ ವಸ್ತುಗಳಷ್ಟೇ ಉಳಿಯುತ್ತವೆ. ಕೊಟ್ಟ ಕೈಗೆ ಏನೂ ಮರಳದಂತೆ ದಾರಿ ತಿರುಗಿಸಬೇಕು. ಲೀ ಮಿಂಗ್‌ವೇ ಎಂಬ ಕಲಾವಿದ 2009ರಲ್ಲಿ ಮಾಡಿದ ‘ಚಲಿಸುವ ತೋಟ’ ಇದಕ್ಕೆ ಒಳ್ಳೆಯ ಮಾದರಿ. ಉದ್ದನೆಯ ಗ್ರಾನೈಟ್ ಮೇಜಿನ ಸೀಳಿನಲ್ಲಿ ತಾಜಾ ಹೂಗಳು. ಯಾರು ಬೇಕಾದರೂ ಒಂದನ್ನು ಒಯ್ಯಬಹುದು. ಆದರೆ ಹೋಗಬೇಕೆಂದಿದ್ದ ದಾರಿ ಬಿಟ್ಟು ಬಳಸಿಕೊಂಡು ಹೋಗಬೇಕು, ಅಲ್ಲಿ ಎದುರಾದ ಅಪರಿಚಿತರಿಗೆ ಅದನ್ನು ಕೊಡಬೇಕು.

ನೀವು ಹೀಗೊಂದು ಸರಪಳಿ ಕಟ್ಟಬಹುದು. ಬಂದವರು ಮೊದಲು ಕೂತು, ಹಿಂದಿನವರು ಬಿಟ್ಟುಹೋದ ಲಕೋಟೆ ತೆರೆಯಲಿ. ಆಮೇಲೆ ಮುಂದೆ ಬರುವ, ತಾವು ನೋಡದ ಒಬ್ಬರಿಗಾಗಿ ಇನ್ನೊಂದನ್ನು ತುಂಬಲಿ. ‘ನಿಮಗಿಷ್ಟವಾದದ್ದು ಬರೆಯಿರಿ’ ಎಂದರೆ ಸುಭಾಷಿತಗಳೇ ಬರುತ್ತವೆ. ‘ನಿಮ್ಮ ಕೈಗೆ ಚೆನ್ನಾಗಿ ಗೊತ್ತಿರುವ ಒಂದು ಕೆಲಸವನ್ನು ನಾಲ್ಕು ಸಾಲಲ್ಲಿ ಹೇಳಿಕೊಡಿ’ ಎನ್ನಿ. ಗುಂಡಿ ಹೊಲಿಯುವುದು, ಅಳುವ ಮಗುವನ್ನು ಎತ್ತಿಕೊಳ್ಳುವುದು, ಬಿಗಿದ ಮುಚ್ಚಳ ತೆಗೆಯುವುದು, ಏನಾದರೂ ಸರಿ. ಹಣವಿಲ್ಲದವರೂ ಧಾರಾಳವಾಗಿ ಕೊಡಬಹುದಾದ ವಸ್ತು ಇದು. ಅದಕ್ಕೇ ಈ ಆಯ್ಕೆ.

ಸಮಯದ ಲೆಕ್ಕ ಮೊದಲೇ ಮಾಡಿ. ಒಬ್ಬರಿಗೆ ಓದಲು ಒಂದು ನಿಮಿಷ, ಬರೆಯಲು ಏಳು ನಿಮಿಷ ಹಿಡಿಯಿರಿ. ಬರೆಯಲು ಒಂದೇ ಮೇಜಿದ್ದರೆ ಎರಡು ಗಂಟೆಯಲ್ಲಿ ಹದಿನೈದು ಜನರಷ್ಟೇ. ಎರಡು ಮೇಜಿಡಿ, ಮೂವತ್ತರ ಹತ್ತಿರ ಬರುತ್ತದೆ. ತಂಡದವರು ಬರೆದ ಐದು ಲಕೋಟೆಗಳು ಡಬ್ಬಿಯಲ್ಲಿ ಮೊದಲೇ ಇರಲಿ. ಯಾರಾದರೂ ಏನೂ ಬರೆಯದೆ ಎದ್ದುಹೋದರೂ ಸರಪಳಿ ಕಡಿಯಬಾರದು. ಹಾಗೆ ಎದ್ದುಹೋಗುವ ಹಕ್ಕನ್ನು ಬಾಗಿಲಲ್ಲೇ ಹೇಳಿಬಿಡಿ. ಬೇಡವೆನ್ನಲಾಗದ ಜಾಗದಲ್ಲಿ ಕೊಟ್ಟದ್ದು ಔದಾರ್ಯವಲ್ಲ, ಮುಜುಗರ ಅಷ್ಟೆ.

ತಾಲೀಮಿಗೆ ನಿಮ್ಮ ತಂಡದವರನ್ನು ಕೂರಿಸಬೇಡಿ, ಅವರು ನಿಮಗೆ ಬೇಕಾದಂತೆಯೇ ಮಾಡಿಬಿಡುತ್ತಾರೆ. ಏನೂ ಗೊತ್ತಿಲ್ಲದ ಐದು ಮಂದಿಯನ್ನು ಕರೆಯಿರಿ. ಇಬ್ಬರು ಒಂದೇ ಪ್ರಶ್ನೆ ಕೇಳಿದರೆ ತಪ್ಪು ಸೂಚನೆಯದು, ಅದನ್ನು ಬದಲಿಸಿ.

ಪ್ರಶ್ನೆ: ಯಾರಾದರೂ ಕೆಟ್ಟದಾಗಿ ಬರೆದಿಟ್ಟರೆ?

ಉತ್ತರ: ಇದಕ್ಕೆ ಸಿದ್ಧರಾಗಿಯೇ ಇರಬೇಕು. 1964ರಲ್ಲಿ ಜಪಾನಿನ ಕ್ಯೋಟೋದಲ್ಲಿ ಕಲಾವಿದೆ ಯೋಕೋ ಓನೋ ಕತ್ತರಿಯನ್ನು ಮುಂದಿಟ್ಟುಕೊಂಡು ವೇದಿಕೆಯ ಮೇಲೆ ಸುಮ್ಮನೆ ಕೂತು, ತನ್ನ ಬಟ್ಟೆಯನ್ನು ಕತ್ತರಿಸಿಕೊಂಡು ಹೋಗುವಂತೆ ಪ್ರೇಕ್ಷಕರನ್ನು ಕರೆದರು. ಕೊಡುವವರು ಸುಮ್ಮನಿದ್ದಾಗ ತೆಗೆದುಕೊಳ್ಳುವವರ ಕೈ ಎಲ್ಲಿಯವರೆಗೆ ಹೋದೀತು ಎಂಬ ಪ್ರಶ್ನೆ ಆ ಪ್ರಯೋಗದ ನಂತರ ಈ ಕಲೆಯನ್ನು ಬಿಟ್ಟಿಲ್ಲ. ನಿಮ್ಮಲ್ಲಿ ಒಬ್ಬರು ಪ್ರತಿ ಚೀಟಿಯನ್ನೂ ಓದಿ ಡಬ್ಬಿಗೆ ಹಾಕಲಿ. ಬೈಗುಳ, ಫೋನ್ ನಂಬರ್ ಇದ್ದರೆ ತೆಗೆದಿಡಲಿ. ಹೀಗೆ ಓದುತ್ತೇವೆಂದು ಬರೆಯುವವರಿಗೆ ಮೊದಲೇ ತಿಳಿಸಿ, ಗುಟ್ಟಾಗಿ ಓದುವುದು ಸಲ್ಲದು.

ಪ್ರಶ್ನೆ: ವಿಡಿಯೋ ಮಾಡಬಹುದೇ?

ಉತ್ತರ: ಬರೆಯುವಾಗ ಬೇಡ. ಕ್ಯಾಮೆರಾ ಕಂಡ ಕೂಡಲೇ ಜನ ಒಳ್ಳೆಯವರಾಗಿ ಕಾಣಲು ಬರೆಯುತ್ತಾರೆ. ದಾಖಲೆ ಬೇಕಿದ್ದರೆ ಒಪ್ಪಿಗೆ ಕೇಳಿ ಚೀಟಿಯ ಫೋಟೊ ಮಾತ್ರ ತೆಗೆಯಿರಿ, ಹೆಸರಿಲ್ಲದೆ. ಡಬ್ಬಿಯಲ್ಲಿ ಉಳಿದ ಲಕೋಟೆಗಳನ್ನು ಮಾತ್ರ ತೆರೆಯಬೇಡಿ, ಅವು ಮುಂದಿನ ಪ್ರದರ್ಶನಕ್ಕೆ ಮೊದಲು ಬರುವವರಿಗೆ ಸೇರಬೇಕಾದವು.